ಶೀಘ್ರಲಿಪಿಯಲ್ಲಿ ಇಲ್ಲದ ಗುರುತು

ಆತನ ಹೆಸರಿನ ಸೇತುವೆಯ ಮೇಲೆ ಬಸ್ಸು ನಿಂತಿದೆ,
ಹಿಮ ತಳ್ಳುವ ಗಾಡಿ ಮೊದಲು ದಾಟಲಿ ಅಂತ.
ಪಕ್ಕದ ಹುಡುಗಿ ಫಲಕ ಓದಿ ಕೇಳುತ್ತಾಳೆ:
ಮೆಕ್‌ಕ್ರಿಮನ್ ಅಂದರೆ ಯಾರು,
ಸೇತುವೆ ಕಟ್ಟಿದ ಗುತ್ತಿಗೆದಾರನೇ?

ಹೌದು ಅಂದುಬಿಡೋಣ ಅನಿಸಿತು.
ನಾನು ಒಡೆಟ್. ಎಂಬತ್ತೊಂದು ತುಂಬಿತು.
ಹದಿನೇಳು ವರ್ಷ ಒಟ್ಟಾವಾದ ಸದನದ ನಟ್ಟನಡುವೆ
ಪುಟ್ಟ ಮೇಜಿಗೆ ಕೂತು
ಅವರಿವರ ಬಾಯಿಂದ ಉದುರಿದ್ದನ್ನೆಲ್ಲ ಹೆಕ್ಕಿದವಳು.

ಕೇಪ್ ಬ್ರೆಟನ್ನಿನ ಕಲ್ಲಿದ್ದಲ ಗಣಿಯವನ ಮಗ.
ಮಾತಿಗೆ ಮುಂಚೆ ಉಗುರು ನೋಡಿಕೊಳ್ಳುವ ಚಾಳಿ,
ಅಪ್ಪನ ಮಸಿ ತನ್ನಲ್ಲೂ ಉಳಿದಿದೆಯೇನೋ ಎಂಬಂತೆ.
ಫ್ರೆಂಚ್ ಕಲಿತದ್ದು ನಲವತ್ತರ ಮೇಲೆ;
ಕ್ಯೂಬೆಕ್ಕಿನವರು ನಕ್ಕರೆ ತಾನೂ ನಗುತ್ತಿದ್ದ,
ಮರುದಿನ ಅದೇ ಪದವನ್ನು ನೆಟ್ಟಗೆ ನುಡಿದು
ಮಗ್ಗಿ ಒಪ್ಪಿಸಿದ ಹುಡುಗನ ಹಾಗೆ
ನನ್ನ ಮೇಜಿನ ಕಡೆ ಒಮ್ಮೆ ನೋಡುತ್ತಿದ್ದ.

ಅಲ್ಪಮತದ ಸರ್ಕಾರ.
ಇವತ್ತು ಬಿದ್ದೀತು, ನಾಳೆ ಬಿದ್ದೀತು ಅಂತ
ಪತ್ರಿಕೆಗಳು ತಲೆಬರಹ ಜೋಡಿಸಿಟ್ಟೇ ಇದ್ದವು.
ಆ ಸಂದಿನಲ್ಲೇ ನುಸುಳಿ ಬಂತು ವಿಧವೆಯರ ಪಿಂಚಣಿ,
ಒಂದೇ ಮತದಿಂದ.
ಜ್ವರದಲ್ಲಿ ಕಂಬಳಿ ಹೊದ್ದು ಬಂದ ಮ್ಯಾನಿಟೋಬಾದ ಮುದುಕನದು ಆ ಮತ.
ಅವನ ಕೆಮ್ಮಿಗೆ ಶೀಘ್ರಲಿಪಿಯಲ್ಲಿ ಗುರುತಿಲ್ಲ.
ನನ್ನಮ್ಮ ಮೊದಲ ಚೆಕ್ಕನ್ನು ಬ್ಯಾಂಕಿಗೆ ಹಾಕದೆ
ವಾರವಿಡೀ ಹಿಟ್ಟಿನ ಡಬ್ಬಿಯಲ್ಲಿಟ್ಟಿದ್ದಳು;
ದಿನಕ್ಕೆರಡು ಸಲ ಮುಚ್ಚಳ ತೆಗೆದು ಇಣುಕುವಳು,
ಹುಳ ಬಿತ್ತೇ ಅಂತ ನೋಡುವ ಹಾಗೆ.

ಅದೇ ಮನುಷ್ಯ. ಅದೇ ವರ್ಷ. ಅಣೆಕಟ್ಟು.
ಉತ್ತರದ ನದಿ, ನಕಾಶೆಯಲ್ಲಿ ಅದಕ್ಕೊಂದು ಸಂಖ್ಯೆ.
ಶಾರ್ಲೆಟ್ ವಾಪಾಚಿ ಎಂಬ ಕ್ರೀ ಹೆಂಗಸು
ದೋಣಿ, ಲಾರಿ, ರೈಲು ಹತ್ತಿಳಿದು ಬಂದು
ಮೇಲೆ ಪ್ರೇಕ್ಷಕರ ಸಾಲಿನಲ್ಲಿ ಕೂತಿದ್ದಳು,
ಮಡಿಲಲ್ಲಿ ಪೊಟ್ಟಣ.
ಎದುರು ಸಾಲಿನವನೊಬ್ಬ ಕೇಳಿದ:
ಮುಳುಗುವ ಊರಿನಲ್ಲಿ ಗೋರಿಗಳೆಷ್ಟು?

ಪ್ರಧಾನಿ ಎದ್ದ. ಉಗುರು ನೋಡಿಕೊಂಡ.
ಕಡತ ತಿರುವಿದ, ಮತ್ತೆ ಹಿಂದಕ್ಕೆ ತಿರುವಿದ.
ನಾನು ಒಳಗೊಳಗೇ ಎಣಿಸುತ್ತಿದ್ದೆ,
ಹನ್ನೊಂದರವರೆಗೆ ಬಂದಿದ್ದೆ.
“ಮೂವತ್ತೆಂಟು ಮನೆಗಳು, ಮಾನ್ಯ ಸಭಾಧ್ಯಕ್ಷರೇ.”

ಕೇಳಿದ್ದು ಗೋರಿ. ಸಿಕ್ಕಿದ್ದು ಮನೆ.
ಮನೆ ಅಂತಲೇ ಬರೆದೆ.
ಆ ಹನ್ನೊಂದನ್ನು ಎಲ್ಲಿ ಬರೆಯಲಿ?
ಅಚ್ಚಾದ ಪುಟದಲ್ಲಿ ಪ್ರಶ್ನೆಗೂ ಉತ್ತರಕ್ಕೂ ನಡುವೆ
ಒಂದು ಸಾಲಿನಷ್ಟು ಖಾಲಿ, ಎಲ್ಲ ಪ್ರಶ್ನೆಗಳಿಗೂ ಇರುವಷ್ಟೇ.

ಮೇಲೆ ಶಾರ್ಲೆಟ್ ಪೊಟ್ಟಣ ಬಿಚ್ಚಿದಳು: ಒಣಮೀನು.
ಇಲ್ಲಿ ತಿನ್ನುವಂತಿಲ್ಲ ಅಂದ ಕಾವಲಿನವ.
ಅವಳು ಮುಳ್ಳು ಬಿಡಿಸಿ, ಒಂದೊಂದೇ ಎಳೆ,
ಮುಗಿಯುವ ತನಕ ತಿಂದಳು.

ಮುಂದಿನ ಚುನಾವಣೆಗೆ ಸ್ವಂತ ಊರೇ ಕೈಬಿಟ್ಟಿತು.
ಗಣಿ ಮುಚ್ಚಿದ್ದು ಕಂಪನಿ;
ಬೈಗುಳ ಮಾತ್ರ ಆತನ ಬಾಗಿಲಿಗೆ ಬಂತು.

ಕೊನೆಗೊಮ್ಮೆ ಕಂಡದ್ದು ಫೆಬ್ರವರಿಯ ರಿಡೋ ಕಾಲುವೆಯಲ್ಲಿ,
ಹೆಪ್ಪುಗಟ್ಟಿದ ನೀರ ಮೇಲೆ, ಕಾಲಿಗೆ ಸ್ಕೇಟು ಕಟ್ಟಿ
ಕೈ ಬೆನ್ನಿಗಿಟ್ಟು ಮೆಲ್ಲಗೆ ಜಾರುತ್ತಿದ್ದ.
ಮಕ್ಕಳು ಆತನನ್ನು ಸುತ್ತಿ ಹಾದು ಹೋಗುತ್ತಿದ್ದರು,
ಹೊಳೆಯ ನಡುವಿನ ಬಂಡೆಯನ್ನು ಹಾಯುವಂತೆ.
ನನ್ನ ಗುರುತು ಹಿಡಿದು ನಿಂತ.
“ಅದನ್ನು ಬರೆದುಕೊಂಡಿರಾ?” ಅಂದ.
ಯಾವುದನ್ನು ಅಂದೆ, ಗೊತ್ತಿದ್ದೂ.
ಉಗುರು ನೋಡಿಕೊಳ್ಳಲು ಹೋದ;
ಕೈಗವಸು ಇತ್ತು.

ಹಿಮದ ಗಾಡಿ ದಾಟಿತು. ಬಸ್ಸು ಅಲುಗಿತು.
ಗುತ್ತಿಗೆದಾರನಲ್ಲಮ್ಮ, ಅಂದೆ,
ನಮ್ಮಮ್ಮನ ಹಿಟ್ಟಿನ ಡಬ್ಬಿಯಿಂದ ಶುರುಮಾಡಿದೆ.
ಮೀನಿನ ಹತ್ತಿರ ಬರುವಷ್ಟರಲ್ಲಿ
ಅವಳು ಇಳಿಯುವ ನಿಲ್ದಾಣ ಬಂತು.
ಸಂಜೆ ನಾಲ್ಕಕ್ಕೇ ಕತ್ತಲು ಇಲ್ಲಿ.
ಸೇತುವೆಯ ದೀಪಗಳು ಹತ್ತಿಕೊಂಡವು ಒಮ್ಮೆಗೇ,
ಆ ನದಿಯ ಕರೆಂಟು.